ಟಾನ್ಸಿಲ್ ತೆಗೆಸಿದ ಸೊಸೆ ದಪ್ಪಗಾದದ್ದು ಯಾಕೆ?

ವಾಡಿಯ ರತ್ನಾಬಾಯಿಗೆ ಡಾಕ್ಟರ ಮೇಲೆ ಸಂಶಯ. ಸೊಸೆ ಮಹಾನಂದಾಳ ಟಾನ್ಸಿಲ್ ಆಪರೇಷನ್ ಆಯಿತು. ಮೊದಮೊದಲು ನುಂಗಲಾಗದೆ ಸೊರಗಿದಳು. ಆಮೇಲೆ ನೋಡನೋಡುತ್ತ ದುಂಡಗಾದಳು, ಹಳೆಯ ಕುಪ್ಪಸಗಳೆಲ್ಲ ಬಿಗಿಯಾದವು. ತೂಕ ಹಿಡಿದಿಡುವ ಯಾವುದೋ ನರವನ್ನು ಗಂಟಲಲ್ಲಿ ಕತ್ತರಿಸಿದ್ದಾರೆ ಎಂದು ರತ್ನಾಬಾಯಿ ಓಣಿಗೆಲ್ಲ ಹೇಳಿಕೊಂಡು ಬಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಮಗಳು ಶಿವರಂಜನಿಗೂ ಟಾನ್ಸಿಲ್ ಕಾಟ. ಮತ್ತೆ ಮತ್ತೆ ಗಂಟಲು ಬಾತು ಜ್ವರ ಬರುತ್ತದೆ. ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ದನಿಯೇ ಹೊರಡುವುದಿಲ್ಲ. ಹೀಗೇ ರಜೆ ಹಾಕಿದರೆ ಕೆಲಸ ಉಳಿಯುವಂತಿಲ್ಲ. ಕಲಬುರಗಿಯ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಿದ್ದರು. ತಾಯಿ ಬೇಡವೆಂದು ಹಟ ಹಿಡಿದಳು. ಹುಡುಗಿ ಅಳುತ್ತ ಕುಳಿತಳು.

ಪಕ್ಕದ ಮನೆಯ ತಾಜುನ್ನಿಸಾ ನರ್ಸು. ಸಮಾಧಾನ ಹೇಳಲು ಬಂದ ಅವಳ ಮೇಲೂ ರತ್ನಾಬಾಯಿಗೆ ಗುಮಾನಿ.

"ನೀನೂ ದವಾಖಾನಿ ಮಂದೀನೇ. ಖರೆ ಹೇಳತಿ ಅಂತ ಹ್ಯಾಂಗ ನಂಬಲಿ?"

ತಾಜುನ್ನಿಸಾ ಸಿಟ್ಟಾಗಲಿಲ್ಲ. ತೂಕ ಕಾಯುವುದು ಟಾನ್ಸಿಲ್ ಕೆಲಸವಲ್ಲ ಎಂದಳು. ನೋವಿನಿಂದಾಗಿ ಮೊದಮೊದಲು ಸೊರಗುವುದು ಸಹಜ. ನೋವು ಹೋಗಿ ಬಾಯಿರುಚಿ ಬಂದ ಮೇಲೆ ಕೆಲವು ದೊಡ್ಡವರಿಗೆ ತುಸು ತೂಕ ಏರುವುದೂ ಉಂಟು, ಎಲ್ಲರಿಗೂ ಅಲ್ಲ. ಹೀಗೆ ಹೇಳಿ ಸೊಸೆಯ ಕಡೆ ತಿರುಗಿ, ದಿನಾ ಏನು ತಿನ್ನುತ್ತೀ ಎಂದು ಕೇಳಿದಳು.

ಮಹಾನಂದಾ ಅತ್ತೆಯ ಮುಖ ನೋಡಿದಳು. "ರೊಟ್ಟಿ ಊಟ ಆದ ಮ್ಯಾಲೂ ಅತ್ತಿ ಒಂದು ಬಟ್ಟಲ ತುಪ್ಪದ ಸಜ್ಜಕ ಕೊಡ್ತಾರ್ರಿ. ಬ್ಯಾಡ ಅಂದ್ರ ಬ್ಯಾಸರ ಮಾಡ್ಕೋತಾರ."

ಆಪರೇಷನ್ ಆದವರಿಗೆ ರವೆ-ಬೆಲ್ಲದ ಸಜ್ಜಕದಂಥ ಮೆತ್ತನೆಯದು ಕೊಡುವುದು ನಮ್ಮ ಕಡೆಯ ರೂಢಿ, ಒಳ್ಳೆಯದೇ. ಆದರೆ ಗಾಯ ಮಾಯ್ದು ತಿಂಗಳುಗಳೇ ಕಳೆದರೂ ಈ ಮನೆಯಲ್ಲಿ ಸಜ್ಜಕ ನಿಂತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಏನೂ ಅನ್ನುವ ಮೊದಲೇ ರತ್ನಾಬಾಯಿ ಅದು ಶಕ್ತಿಗೆ ಕೊಟ್ಟದ್ದು ಎಂದಳು. ಆಮೇಲೆ ಮಗಳನ್ನು ನೋಡಿ ತಾಜುನ್ನಿಸಾಳ ಕಡೆ ತಿರುಗಿದಳು.

"ಆಪರೇಷನ್ ಆದ ಮ್ಯಾಲ ಇಕಿಗಿ ಏನ್ ಕೊಡ್ಲಿ, ಅದನ್ನಾರ ಹೇಳು."

ಶಿವರಂಜನಿ ಕಣ್ಣೊರೆಸಿಕೊಂಡಳು.

"ನೀರ ಭಾಳ ಕುಡಸ್ರಿ, ತಣ್ಣನ ಗಂಜಿ ಕೊಡ್ರಿ," ಎಂದಳು ತಾಜುನ್ನಿಸಾ. "ಗಾಯ ಮಾಯ್ದ ಮ್ಯಾಲ ದಿನದ ಊಟನೇ ಸಾಕ್ರಿ."

ಅಕ್ಕಂದಿರೇ, ಅಣ್ಣಂದಿರೇ, ಸಂಶಯ ಬರುವುದು ತಪ್ಪಲ್ಲ. ಅದನ್ನು ಓಣಿಯಲ್ಲಿ ಹಂಚಬೇಡಿ, ಡಾಕ್ಟರನ್ನೇ ಕೇಳಿ. ಆಪರೇಷನ್ ಆದ ಮೇಲೆ ಗಂಟಲಿಂದ ರಕ್ತ ಬಂದರೆ, ಇಲ್ಲವೇ ನೀರೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ವಾಸಿಯಾದ ಮೇಲೆ ಆಗಾಗ ತೂಕ ನೋಡಿಕೊಳ್ಳಿ. ಕಾರಣ ತಿಳಿಯದೆ ಏರಿದರೂ ಇಳಿದರೂ ತೋರಿಸಿ. ನಿಮ್ಮ ಸಂಶಯಕ್ಕೆ ಮನೆಯ ಮಗಳು ನೋವು ನುಂಗಿಕೊಂಡು ಕೂರುವಂತೆ ಮಾಡಬೇಡಿ.