ಬಲಕ್ಕೆ ಎಂಟು ಟಿಕ್ಕು

ಕುದುರೆ ಕಿವಿ ಹಿಂದಕ್ಕೆ ಒತ್ತಿಕೊಂಡಿದೆ, ಇನ್ನೊಂದು ಢಮ್ ಬಾಕಿ ಇದೆ ಎಂದು ಅದಕ್ಕೂ ಗೊತ್ತು, ಗೊತ್ತಿದ್ದೂ ಹುಲ್ಲು ಬಿಡುವುದಿಲ್ಲ, ಜಾಣ ಪ್ರಾಣಿ — ನನ್ನ ಮೊಣಕೈ ಕೆಳಗೆ ಜೀನು, ಜೀನಿನ ಮೇಲೆ ಸುತ್ತಿಟ್ಟ ಕಂಬಳಿ, ಕಂಬಳಿಯ ಮೇಲೆ ದುರ್ಬೀನು ಕೂರಿಸಿದ ಅಪ್ಪನ ರೈಫಲ್, ನೂರು ಮೀಟರ್ ಆಚೆ ಹೊಳೆದಂಡೆಗೆ ಒರಗಿಸಿದ ಚಹಾ ಪೆಟ್ಟಿಗೆಯ ಬಿಳಿ ರಟ್ಟು, ಅದರ ಮೇಲೆ ನನ್ನ ಬಾಮೈದ ಇಶೇನ್ ಇದ್ದಿಲಿನಲ್ಲಿ ಬರೆದ ಬಟ್ಟಲಗಲದ ಕಪ್ಪು, ಕಪ್ಪೆಂದು ಅವನು ಹೇಳುತ್ತಾನೆ, ನನಗೆ ಹಾಲು ಹಾಕಿದ ಚಹಾದ ಬಣ್ಣ, ಅಂಚು ಎಲ್ಲಿ ಮುಗಿಯಿತೋ ತಿಳಿಯದು, ಬಿಸಿಲು ಇರಬೇಕು, ದುರ್ಬೀನಿನ ಗಾಜಿಗೆ ಧೂಳು ಕೂತಿರಬೇಕು, ಮೂರು ಸಲ ಒರೆಸಿದೆ. ಅರ್ಧ ಉಸಿರು ಬಿಟ್ಟು ನಿಲ್ಲಿಸು, ಬೆರಳಿಗೇ ಗೊತ್ತಾಗಬಾರದು ಕಣೋ, ಅಪ್ಪ ಹೇಳುತ್ತಿದ್ದ — ಢಮ್. ಭುಜದ ಮೂಳೆಗೇ ಬಡಿಯಿತು, ಅರವತ್ಮೂರಕ್ಕೆ ಅಲ್ಲಿ ಮಾಂಸ ಎಲ್ಲಿ ಉಳಿದಿದೆ. ಇಶೇನ್ ಹೋಗಿ ನೋಡಿ ಬಂದ, ಎಡಕ್ಕೇ ಹೋಗ್ತಿದೆ ಭಾವ, ಒಂದು ಇಲ್ಲಿ, ಒಂದು ಅಲ್ಲಿ, ಒಂದಂತೂ ರಟ್ಟಿಗೇ ಬಿದ್ದಿಲ್ಲ, ಹೊಳೆಗೆ ಬಾಯಾರಿತ್ತೋ ಏನೋ. ನಗಲಿ, ಅಕ್ಕನ ಗಂಡನನ್ನು ಅಣಕಿಸುವುದು ಅವನ ಹಕ್ಕು. ಗುಂಡು ಬಲಕ್ಕೆ ಸರಿಯಲೆಂದು ದುರ್ಬೀನಿನ ತಿರುಪನ್ನು ಮೊದಲೇ ನಾಲ್ಕು ಟಿಕ್ಕು ತಿರುಗಿಸಿದ್ದೆ, ಈಗ ಇನ್ನೂ ನಾಲ್ಕು, ಒಟ್ಟು ಎಂಟು, ತಿರುಪಿನ ಟಿಕ್ಕು ಮಾತ್ರ ಈಗಲೂ ಸ್ಪಷ್ಟವಾಗಿ ಕೇಳುತ್ತದೆ, ಕಿವಿಗೆ ಇನ್ನೂ ಏನೂ ಆಗಿಲ್ಲ. ನಾಡಿದ್ದು ಬೇಟೆಯ ಕಾಲ ಶುರುವಾಗುತ್ತದೆ, ನಮ್ಮಿಬ್ಬರಿಗೂ ಸೇರಿ ಬೆಟ್ಟದ ಹೋತಕ್ಕೆ ಒಂದೇ ಪರವಾನಗಿ, ಹೊಡೆಯುವವನು ನಾನು, ಯಾವತ್ತೂ ನಾನೇ.

ಕಣ್ಣು ತೋರಿಸ್ಕೊಂಡು ಬನ್ನಿ ಅಂತ ಎಷ್ಟು ಸಲ ಹೇಳ್ಲಿ, ಹೆಂಡತಿ ಕಣಿಮ್ ಒಲೆಯ ಮುಂದೆ ಕೂತು ಅಂದಿದ್ದಳು, ಚಹಾನ ಬಟ್ಟಲಿನ ಹೊರಗೆ ಹುಯ್ತಿದೀರಿ. ಕಣ್ಣಿಗೇನು, ರೈಫಲ್ಲು ಎಡಕ್ಕೆ ಎಳೆಯುತ್ತದೆ, ಹೋದ ವರ್ಷ ಊರಿಗೆಲ್ಲ ಅದನ್ನೇ ಹೇಳಿದೆ, ಕುದುರೆ ಮೇಲಿಂದ ಬಿದ್ದು ದುರ್ಬೀನು ಅಲ್ಲಾಡಿದೆ ಅಂದೆ, ಎಲ್ಲರೂ ನಂಬಿದರು, ಬುರ್ಮಕಾನ್ ಅಜ್ಜಿಯನ್ನು ಬಿಟ್ಟು. ನಾನು ಬೆಟ್ಟ ಇಳಿದಾಗ ಸೇತುವೆ ಹತ್ತಿರವೇ ಕಾದಿದ್ದಳು ಮುದುಕಿ, ಶಿರಲ್ಗಾ ತುರ್ದುಬೆಕ್, ಶಿರಲ್ಗಾ, ಎಂದು ನನ್ನನ್ನು ಕೂಗಿದಳು, ಬೇಟೆಯಿಂದ ಇಳಿದವನಿಗೆ ಎದುರಾದವರು ಆ ಮಾತು ಅಂದರೆ ಪಾಲು ಕೊಡಲೇಬೇಕು, ಅಪ್ಪ ಒಮ್ಮೆ ಇಡೀ ತೊಡೆಯನ್ನೇ ಕೊಟ್ಟು ಬರಿಗೈಲಿ ಮನೆಗೆ ಬಂದಿದ್ದ. ನಾನು ಜೀನುಚೀಲ ತಿರುಗಿಸಿ ಝಾಡಿಸಿ ತೋರಿಸಿದೆ, ಏನೂ ಇಲ್ಲ ಅಜ್ಜಿ, ಗುಂಡು ತಾಗಲೇ ಇಲ್ಲ, ರೈಫಲ್ ಕೆಟ್ಟಿದೆ. ನಿಮ್ಮಪ್ಪನ ಕೈಲಿ ಕೆಟ್ಟಿರಲಿಲ್ಲ ಅಲ್ವೇನೋ, ಅಂದಳು. ತಾಗಿತ್ತು. ತಾಗಿದ ಸದ್ದು ನನಗೆ ಕೇಳಿತ್ತು, ಒದ್ದೆ ಬಟ್ಟೆ ಬಡಿದ ಹಾಗೆ, ಹೋತ ಮುಗ್ಗರಿಸಿ ಎದ್ದು ಬೆಟ್ಟದ ಏಣು ದಾಟಿತು, ಹೊಸ ಹಿಮದಲ್ಲಿ ಜಾಡು, ಮೂರು ಗೊರಸು, ಒಂದು ಗೆರೆ, ಮೂರು ಗೊರಸು, ಒಂದು ಗೆರೆ, ನೇತಾಡುವ ಕಾಲು ಎಳೆದ ಗೆರೆ — ಬಂಡೆಯವರೆಗೆ ಹೋದೆ. ಅಲ್ಲಿಂದ ಮುಂದಕ್ಕೆ ಏರು. ಕತ್ತಲಾಗಿರಲಿಲ್ಲ, ಇನ್ನೂ ಎರಡು ಗಂಟೆ ಬೆಳಕಿತ್ತು, ಮಂಡಿ ನೋಯುತ್ತಿತ್ತು, ದಣಿದಿದ್ದೆ, ಬಿಸಿ ಚಹಾ ನೆನಪಾಯಿತು, ತಿರುಗಿ ಬಂದೆ. ನಾಚಿಕೆಯಾಗುತ್ತದೆ. ಆ ವರ್ಷದಿಂದ ಈ ವರ್ಷದವರೆಗೆ ಒಂದು ದಿನವೂ ದಣಿವು ಇಳಿದಿಲ್ಲ.

ಸ್ವಲ್ಪ ಆ ಕಡೆ ಸರೀರಿ ಭಾವ, ನಾನೊಂದು ಮೂರು ಹೊಡೀತೀನಿ, ಇಶೇನ್ ಕಂಬಳಿ ಸರಿಮಾಡುತ್ತಾನೆ, ಹೊಸ ರಟ್ಟು ಇಟ್ಟು ಬಂದಿದ್ದಾನೆ, ಹೊಡಿಯಪ್ಪ, ನಿಂಗೂ ಎಡಕ್ಕೇ ಹೋಗುತ್ತೆ ನೋಡು ಎಂದೆ, ಹೋಗಲಿ ದೇವರೇ ಎಂದೆ, ಅದು ಒಳಗೆ. ಢಮ್, ಢಮ್, ಢಮ್, ಅವಸರವಿಲ್ಲ, ಕುದುರೆ ಈ ಸಲ ತಲೆಯನ್ನೂ ಎತ್ತಲಿಲ್ಲ. ಇಬ್ಬರೂ ನಡೆದೆವು, ಹತ್ತಿರ ಹೋದರೆ ನನ್ನ ಕಣ್ಣಿಗೂ ಕಂಡಿತು, ಒಂದು ನಾಣ್ಯದಲ್ಲಿ ಮುಚ್ಚಬಹುದು, ಮೂರು ತೂತು ಒಂದಕ್ಕೊಂದು ಅಂಟಿಕೊಂಡು, ಕಪ್ಪಿನ ನಡುವಿನಿಂದ ಬಲಕ್ಕೆ, ನಾಲ್ಕು ಬೆರಳು. ಟಿಕ್ಕಿಗೆ ಅರ್ಧ ಬೆರಳು, ನಾನು ತಿರುಗಿಸಿದ್ದು ಎಷ್ಟೋ ಅಷ್ಟೇ. ತಿರುಗಿಸದಿದ್ದರೆ ನಟ್ಟನಡುವೆ. ಇಶೇನ್ ರಟ್ಟು ನೋಡಿದ, ನನ್ನ ಮುಖ ನೋಡಲಿಲ್ಲ, ಗಾಳಿ ಇತ್ತು ಅನ್ಸುತ್ತೆ ಭಾವ, ಅಂದ, ಹುಲ್ಲುಕಡ್ಡಿಯೂ ಅಲ್ಲಾಡದ ಬೆಳಗಿನಲ್ಲಿ ಆ ಮಾತು ಅಂದ, ಅಣಕವಿಲ್ಲ, ಅದೇ ಹೆಚ್ಚು ನೋಯಿಸಿತು. ಎಂಟು ಟಿಕ್ಕು ಹಿಂದಕ್ಕೆ ತಿರುಗಿಸು ಇಶೇನ್, ಎಂದೆ, ನಾಡಿದ್ದು ನೀನೇ ಹೊಡಿ, ನಾನು ಕುದುರೆ ಹಿಡ್ಕೋತೀನಿ. ಅಪ್ಪನ ರೈಫಲ್ಲನ್ನು ಅವನ ಕೈಗೆ ಕೊಟ್ಟಾಗ ಭುಜ ಹಗುರಾಯಿತು, ಆದರೂ ಅಳು ಬಂದ ಹಾಗಾಯಿತು. ಅವನು ತಿರುಪು ತಿರುಗಿಸುತ್ತಾನೆ, ಒಂದು, ಎರಡು, ಐದರಲ್ಲಿ ನಿಲ್ಲಿಸುತ್ತಾನೆ, ರೈಫಲ್ ಚೆನ್ನಾಗೇ ಇದೆ ಅಲ್ವಾ, ಅನ್ನುತ್ತಾನೆ, ಹಾಗಾದ್ರೆ ಹೋದ ವರ್ಷ ಏನಾಯ್ತು ಭಾವ? ಏನೂ ಆಗಲಿಲ್ಲ ಎನ್ನಬಹುದು, ಬಾಯಿ ತೆರೆದಿದ್ದೇನೆ, ರಟ್ಟು ಕೈಯಲ್ಲೇ ಇದೆ, ಮೂರು ತೂತು, ಬಿಳಿಯ ಮೇಲೆ ಮೂರು, ಮೂರು ಗೊರಸು, ಒಂದು ಗೆರೆ, ಬಂಡೆಯಿಂದಾಚೆ ಮೇಲಕ್ಕೆ, ಇನ್ನೂ ಬೆಳಕಿದೆ, ಮೂರು ಗೊರಸು, ಒಂದು ಗೆರೆ