ನಡೆಯದ ಸಭೆಗಳ ನಡಾವಳಿ

ದಿವ್ಯಳಿಗೊಂದು ಸಣ್ಣ ಕೊರಗಿತ್ತು. ಊರಿಗೆ ಬೇಕಾದದ್ದು ತನ್ನ ಅಕ್ಷರವೇ ಹೊರತು ತಾನಲ್ಲ ಎಂಬ ಕೊರಗು. ಅದನ್ನು ಡೈರಿಯಲ್ಲಿ ಬರೆದು, ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಹೊಡೆದುಹಾಕಿ, ಮಾರನೇ ದಿನ ಮತ್ತೆ ಬರೆಯುತ್ತಿದ್ದಳು. ಶಿಕಾರಿಪುರದ ಸೋದರತ್ತೆಯ ಮನೆಯಲ್ಲಿದ್ದು ಬಿ.ಎ. ಮುಗಿಸಿ ಬಂದು ಎರಡು ವರ್ಷವಾಗಿತ್ತು. ಕೆಲಸಕ್ಕೆಂದು ಬರೆದ ಪರೀಕ್ಷೆಗಳಲ್ಲಿ ಒಂದರ ಫಲಿತಾಂಶ ಬಂದಿರಲಿಲ್ಲ, ಇನ್ನೊಂದು ಕೋರ್ಟಿನಲ್ಲಿತ್ತು. ಅಷ್ಟರಲ್ಲಿ ಪಿಂಚಣಿ ಅರ್ಜಿಯಿರಲಿ, ಲಗ್ನಪತ್ರಿಕೆಯ ಮೇಲಿನ ಹೆಸರಿರಲಿ, "ದಿವ್ಯನ ಹತ್ರ ಬರೆಸ್ರಿ, ಮುತ್ತು ಪೋಣಿಸಿದಂಗೆ ಬರೀತಾಳೆ" ಎನ್ನುವವರೇ ಎಲ್ಲರೂ.

ಯತೀಶ ಬಂದದ್ದೂ ಅದಕ್ಕೇ. ಅವನು ಊರಿನ ಯುವ ಮಂಡಳಿಯ ಅಧ್ಯಕ್ಷ. ಡಿಪ್ಲೊಮಾ ಓದಿ, ಸೊರಬದಲ್ಲಿ ಮೂರು ಅಂಗಡಿ ಬದಲಿಸಿ, ಈಗ ಅಧ್ಯಕ್ಷಗಿರಿಯನ್ನೇ ಉದ್ಯೋಗ ಮಾಡಿಕೊಂಡಿದ್ದ.

"ಏ ಮಾರಾಯ್ತಿ, ಶುಕ್ರವಾರ ತಾಲ್ಲೂಕಿಂದ ಯುವಜನ ಇಲಾಖೆ ಮೇಡಂ ಬರ್ತಾರೆ. ಒಳ್ಳೆ ಮಂಡಳಿ ಅಂತ ಆರಿಸಿದ್ರೆ ನಮಗೊಂದು ಕಟ್ಟಡ ಸಿಗುತ್ತೆ. ವರ್ಷದ ನಡಾವಳಿ ಬೇಕಂತೆ, ತಿಂಗಳಿಗೊಂದು ಸಭೆ. ಬರೆದುಬಿಡು."

"ಸಭೆ ಯಾವಾಗ ಮಾಡಿದ್ವಿ?"

"ಒಂದ್ ಮಾಡಿದ್ವಲ್ಲ, ನಾನು ಅಧ್ಯಕ್ಷ ಆಗಿದ್ದು. ಉಳಿದ ಹನ್ನೊಂದು ನೀನು ಮಾಡು. ಬಂದಳಿಕೆ ಹಳೇ ದೇವಸ್ಥಾನದಲ್ಲಿ ಶ್ರಮದಾನ ಅಂತ ಒಂದು ಹಾಕು."

"ಅಲ್ಲಿಗೆ ಫೋಟೋ ತೆಗೆಸ್ಕೊಳ್ಳೋಕೆ ಹೋಗಿದ್ದಲ್ವೇನೋ?"

"ಅಂಥ ಬಿಸಿಲಲ್ಲಿ ನಿಂತಿದ್ದು ಶ್ರಮ ಅಲ್ದೇನೆ?"

ಎರಡು ಮಧ್ಯಾಹ್ನ ಕೂತು ದಿವ್ಯ ಹನ್ನೊಂದು ಸಭೆ ನಡೆಸಿದಳು. ತಿಂಗಳಿಗೊಂದು ಪೆನ್ನು ಬದಲಿಸಿದಳು. ನಾಟಿ ಕಾಲದ ಸಭೆಗೆ ಹಾಜರಾತಿ ಕಡಿಮೆ ತೋರಿಸಿದಳು. ಬರೆಯುತ್ತ ಬರೆಯುತ್ತ ರುಚಿ ಹತ್ತಿತು. ಬಾಯಿಬಿಟ್ಟು ಯಾರನ್ನೂ ಕೇಳಲಾಗದ್ದನ್ನೆಲ್ಲ ಠರಾವು ಮಾಡಿದಳು. ಹಾಗೆ ಠರಾವಾದದ್ದೆಲ್ಲ ಪುಸ್ತಕದಲ್ಲಿ ಮುಂದಿನ ತಿಂಗಳೇ ಈಡೇರಿತು.

ಆಗಸ್ಟಿಗೆ ಬಂದಾಗ ಪೆನ್ನು ನಿಂತಿತು. ಪಕ್ಕದ ಮನೆ ರಾಧಮ್ಮನ ಮಗಳು ಸ್ಪಂದನ ಕಾಲೇಜು ಬಿಟ್ಟದ್ದು ಆ ತಿಂಗಳೇ. ಜಡೆ ಎಂಬ ಊರಿನಿಂದಲೇ ತುಂಬಿಕೊಂಡು ಬರುವ ಬಸ್ಸು ಎಷ್ಟೋ ದಿನ ಇವರ ಊರಿನ ಕೈಮರದ ಸ್ಟಾಪಿನಲ್ಲಿ ನಿಲ್ಲುತ್ತಿರಲಿಲ್ಲ. ಹುಡುಗಿ ವಾರಕ್ಕೆ ಮೂರು ದಿನ ಅಲ್ಲಿಂದಲೇ ವಾಪಸು ಬರುತ್ತಿದ್ದಳು. ಹಾಜರಾತಿ ಸಾಲದು ಎಂದು ಕಾಲೇಜಿನವರು ಹೇಳಿದ ದಿನ ರಾಧಮ್ಮ "ಓದಿದ್ದು ಸಾಕು ಬಿಡು" ಎಂದಿದ್ದರು. ಈಗ ಸ್ಪಂದನ ಶುಂಠಿ ತೊಳೆಯುವ ಕೂಲಿಗೆ ಹೋಗುತ್ತಿದ್ದಳು. ಅವಳು ಬುತ್ತಿ ಹಿಡಿದು ಹೊರಡುವುದನ್ನು ದಿವ್ಯ ಕಿಟಕಿಯಿಂದ ನೋಡುತ್ತಿದ್ದಳು. ಹೋಗಿ ರಾಧಮ್ಮನಿಗೆ ಎರಡು ಮಾತು ಹೇಳಬೇಕು ಎಂದುಕೊಳ್ಳುತ್ತಿದ್ದಳು. ನೀನು ಓದಿ ಏನು ಕಡಿದೆ ಅಂತ ಅವರು ಕೇಳಿಬಿಟ್ಟರೆ?

ನಡಾವಳಿ ಪುಸ್ತಕದಲ್ಲಿ ಬರೆದಳು: 'ಮಂಡಳಿಯ ಸದಸ್ಯರು ಕುಮಾರಿ ಸ್ಪಂದನ ಅವರ ಮನೆಗೆ ಭೇಟಿ ನೀಡಿ, ಪೋಷಕರ ಮನವೊಲಿಸಿ, ಅವರನ್ನು ಮರಳಿ ಕಾಲೇಜಿಗೆ ಸೇರಿಸಿರುತ್ತಾರೆ.' ಬರೆದ ಮೇಲೆ, ನಿಜವಾಗಿ ಹೋಗಿ ಬಂದಷ್ಟೇ ಮನಸ್ಸು ಹಗುರಾಯಿತು.

ಶುಕ್ರವಾರ ಶಾಲೆಯ ಕೊಠಡಿ ತುಂಬಿತ್ತು. ಮೇಡಂ ಪುಟ ತಿರುವುತ್ತ ತಲೆದೂಗಿದರು. ಯತೀಶನ ಮುಖ ಅರಳುತ್ತ ಹೋಯಿತು. ಆಗಸ್ಟಿನ ಪುಟಕ್ಕೆ ಬಂದ ಮೇಡಂ ಗಟ್ಟಿಯಾಗಿ ಓದಿ, "ಇದ್ರೀ ಕೆಲ್ಸ ಅಂದ್ರೆ! ಈ ಹುಡುಗಿ ಬಂದಿದಾಳಾ? ಮುಂದೆ ಕರೀರಿ. ಫೋಟೋ ತೆಗೆದು ಪೇಪರಿಗೆ ಕೊಡೋಣ" ಎಂದರು.

ಸ್ಪಂದನ ಬಾಗಿಲಲ್ಲೇ ಇದ್ದಳು. ಉಪ್ಪಿಟ್ಟು ಹಂಚಲು ಯತೀಶನೇ ಅವಳನ್ನು ಕರೆದಿದ್ದ. ತಟ್ಟೆಗಳನ್ನು ಹಿಡಿದುಕೊಂಡೇ ಮುಂದೆ ಬಂದು ನಿಂತಳು.

"ಯಾವ ಕ್ಲಾಸಮ್ಮ ಈಗ?"

ಅವಳು ಯತೀಶನ ಮುಖ ನೋಡಿದಳು, ಮೇಡಂ ಕೈಯಲ್ಲಿದ್ದ ಪುಸ್ತಕ ನೋಡಿದಳು, ದಿವ್ಯಳನ್ನು ನೋಡಿದಳು. ಚುರುಕು ಹುಡುಗಿ. ಎಲ್ಲ ಅರ್ಥವಾಯಿತು.

"ಸೆಕೆಂಡ್ ಪಿಯುಸಿ, ಮೇಡಂ."

"ಮನೆಗೆ ಬಂದು ಹೇಳಿದ್ದು ಯಾರು?"

"ದಿವ್ಯಕ್ಕ."

ಚಪ್ಪಾಳೆ ಬಿತ್ತು. ಮೇಡಂ ದಿವ್ಯಳ ಕಡೆ ತಿರುಗಿದರು. "ಏಳಮ್ಮ. ಇವಳ ತಾಯಿಗೆ ಏನು ಹೇಳಿ ಒಪ್ಪಿಸ್ದೆ? ಎಲ್ರೂ ಕೇಳ್ಲಿ."

ದಿವ್ಯ ಎದ್ದಳು. "ಏನಾದ್ರೂ ಒಂದು ಹೇಳೇ, ಕಟ್ಟಡ ಬಂದಂಗೇ" ಎಂದು ಯತೀಶ ಪಕ್ಕದಿಂದ ಪಿಸುಗುಟ್ಟಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆಯಿತ್ತು. ವರ್ಷವಿಡೀ ಅವನಿಗೆ ಸಿಗಬಹುದಾಗಿದ್ದುದು ಇದೊಂದೇ. ಹೇಳಬೇಕಾದ ಮಾತುಗಳೂ ಅವಳಿಗೆ ಗೊತ್ತಿದ್ದವು. ತಿಂಗಳುಗಟ್ಟಲೆ ಮನಸ್ಸಿನಲ್ಲೇ ರಾಧಮ್ಮನಿಗೆ ಹೇಳಿದ್ದಳು. ಎದುರಿಗೆ ಸ್ಪಂದನ, ಹೆದರಬೇಡ ಎಂಬಂತೆ, ದಿವ್ಯಳಿಗಾಗಿ ಸುಳ್ಳು ಹೇಳಿದ ಮುಖದಲ್ಲೇ ಸಣ್ಣಗೆ ತಲೆಯಾಡಿಸಿದಳು.

"ನಾನು ಹೋಗ್ಲಿಲ್ಲ, ಮೇಡಂ" ಎಂದಳು ದಿವ್ಯ. "ಅವಳು ಕಾಲೇಜು ಬಿಟ್ಟಾಗ ನಾವು ಯಾರೂ ಅವಳ ಮನೆಗೆ ಹೋಗ್ಲಿಲ್ಲ."