ಎರಡೂ ಕೈ ಬಿಟ್ಟದ್ದಕ್ಕೆ

ಕನ್ನಡ ರಾಜ್ಯ ಒಂದಾಗುವ ಹಿಂದಿನ ವರ್ಷ. ಸಾಲಿಗ್ರಾಮದ ಅಕ್ಕಿ ಗಿರಣಿಯ ಲಾರಿಯಲ್ಲಿ ಕ್ಲೀನರ್ ಆಗಿದ್ದ ಷಣ್ಮುಖಪ್ಪ ಲೈಸೆನ್ಸಿನ ಪರೀಕ್ಷೆಗೆಂದು ಹುಣಸೂರಿಗೆ ಹೋದ. ಅವನಿಗೆ ಗಾಡಿ ಕಲಿಸಿದ ಡ್ರೈವರ್ ಅಂಕಯ್ಯನೂ ಜೊತೆಗಿದ್ದ.

ಮೈಸೂರಿನಿಂದ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದ ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತು ಲಾರಿಯನ್ನು ಏರು ಹತ್ತಿಸಿದರು, ಇಕ್ಕಟ್ಟಿನ ಗಲ್ಲಿಯಲ್ಲಿ ಹಿಂದಕ್ಕೆ ತೆಗೆಸಿದರು. ಷಣ್ಮುಖಪ್ಪ ಎಲ್ಲೂ ಎಡವಲಿಲ್ಲ. "ಸಾಕು, ಬಂಗಲೆ ಕಡೆ ನಡಿ" ಅಂದರು. ಮುಖದಲ್ಲಿ ಮೆಚ್ಚಿಗೆ ಕಾಣುತ್ತಿತ್ತು.

ಸಂತೆಬೀದಿಯ ತಿರುವಿನಲ್ಲಿ, ಸಂತೆಗೆ ಬಂದಿದ್ದ ಮಾವ ಕಂಠಪ್ಪ ನಿಂತಿದ್ದ.

ಸತ್ತ ಅಕ್ಕನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅವಳ ಮಗ ಷಣ್ಮುಖಪ್ಪನಿಗೆ ತನ್ನ ಮಗಳು ಶಿವನಂಜಮ್ಮನನ್ನು ಧಾರೆ ಎರೆದುಕೊಟ್ಟಿದ್ದವನು ಕಂಠಪ್ಪ. ಗದ್ದೆ ಇದ್ದವನ ಮಗಳು ಲಾರಿ ಒರೆಸುವ ಮಸಿಬಟ್ಟೆಯವನ ಮನೆ ಸೇರಿದಳಲ್ಲ ಎಂಬ ಕೊರಗು ಮಾತ್ರ ಹೋಗಿರಲಿಲ್ಲ. ಅಳಿಯ ಎದುರಾದರೆ "ಬಂದ್ಯಾ?" ಅನ್ನುತ್ತಿದ್ದ, ಅಷ್ಟೆ. ಅಂಥವನು ಇವತ್ತು ಲಾರಿಯ ಸ್ಟೀರಿಂಗ್ ಹಿಡಿದು ಕೂತ ಅಳಿಯನನ್ನು ಕಂಡು ಮೊದಲು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು, ತಾನೇ ಮೊದಲಾಗಿ ಕೈ ಮುಗಿದ.

ಷಣ್ಮುಖಪ್ಪ ಎರಡೂ ಕೈ ಎತ್ತಿ ಮುಗಿದುಬಿಟ್ಟ.

ತಿರುವು ದಾಟುತ್ತಲೇ ಲಾರಿ ಎಡಕ್ಕೆ ವಾಲಿತು. ಇನ್ಸ್‌ಪೆಕ್ಟರು ಸ್ಟೀರಿಂಗಿಗೆ ಕೈ ಹಾಕಿ ಎಳೆದರು. ಮಡಕೆ ಮಾರುತ್ತಿದ್ದ ಹೆಂಗಸೊಬ್ಬಳು ಚೀರಿ ಪಕ್ಕಕ್ಕೆ ಹಾರಿದಳು. ಬಂಗಲೆಯ ಮುಂದೆ ಇಳಿದ ಮೇಲೂ ಇನ್ಸ್‌ಪೆಕ್ಟರು ಬೈಯಲಿಲ್ಲ. "ಮಿಕ್ಕದ್ದೆಲ್ಲ ಚೆನ್ನಾಗಿತ್ತು ಕಣಯ್ಯ. ಆದರೆ ಕೈ ಬಿಟ್ಟೆ. ಆ ಹೆಂಗಸು ಸತ್ತಿದ್ದರೆ? ಮುಂದಿನ ತಿಂಗಳು ಬಾ" ಅಂದರು.

ಆ ಹೆಂಗಸಿನ ಮುಖ ಕಣ್ಣ ಮುಂದಿಂದ ಹೋಗಲಿಲ್ಲ. ವಾಪಸು ಬರುವಾಗ ಷಣ್ಮುಖಪ್ಪ ಅಂಕಯ್ಯನ ಪಕ್ಕ ಕೂರದೆ ಹಿಂದೆ ಖಾಲಿ ಗೋಣಿಚೀಲಗಳ ನಡುವೆ ಕೂತ. "ಮುಂದಕ್ ಬಾರ್ಲಾ" ಅಂತ ಕೆ.ಆರ್. ನಗರದಲ್ಲಿ ಅಂಕಯ್ಯ ಕರೆದರೂ ಅಲ್ಲಾಡಲಿಲ್ಲ.

ಮನೆಗೆ ಬಂದರೆ ಜಗಲಿ ತುಂಬ ಜನ. ಬಸ್ಸು ಹಿಡಿದು ಅವನಿಗಿಂತ ಮೊದಲೇ ಬಂದಿದ್ದ ಕಂಠಪ್ಪ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ: "ಪಕ್ಕದಲ್ಲಿ ಸಾಹೇಬ್ರು! ಆದ್ರೂ ನಮ್ಮ ಅಳಿಯಂದ್ರು ನನ್ನ ಕಂಡ್ರು, ಎಲ್ಡೂ ಕೈ ಎತ್ತಿ ಮುಗುದ್ರು ಕಣ್ರೀ!" ತಿರುವಿನಾಚೆ ಆದದ್ದು ಅವನಿಗೆ ಕಂಡಿರಲಿಲ್ಲ.

"ಇನ್ನೇನ್ಲಾ, ಲೈಸೆನ್ಸು ಸಿಕ್ತು, ಚುಂಚನಕಟ್ಟೆ ಜಾತ್ರೆಗೆ ನಮ್ಮನ್ನ ನೀನೇ ಕರ್ಕೊಂಡೋಗು" ಅಂದಳು ಎದುರುಮನೆಯ ತಿಮ್ಮಮ್ಮ.

"ಆಯ್ತಕ್ಕ" ಅಂದುಬಿಟ್ಟ ಷಣ್ಮುಖಪ್ಪ.

ಶಿವನಂಜಮ್ಮ ಪಾಯಸ ಬಡಿಸಿದಳು. ಮಾವ ಇನ್ನೊಂದು ಸೌಟು ಹಾಕಿಸಿದ. "ತಿನ್ನಿ, ದಣಿದಿದ್ದೀರಿ." ಆ 'ತಿನ್ನಿ' ಎಂಬ ಮಾತಿಗೆ ಷಣ್ಮುಖಪ್ಪನಿಗೆ ತಲೆ ಎತ್ತಲಾಗಲಿಲ್ಲ.

ಬೆಳಿಗ್ಗೆ ಅವನು ಗಿರಣಿಗೆ ಹೊರಟರೆ, ಅಳಿಯ ಗಾಡಿ ತೆಗೆಯುವುದನ್ನು ನೋಡಬೇಕೆಂದು ಕಂಠಪ್ಪನೂ ಹೊರಟ. ಕಾಲುವೆ ಏರಿಯ ಮೇಲೆ ಷಣ್ಮುಖಪ್ಪ ನಿಂತುಬಿಟ್ಟ.

"ಮಾವ, ನಾನು ಪಾಸಾಗಲಿಲ್ಲ."

"ಯಾಕೆ?"

ಬ್ರೇಕು ಕೆಟ್ಟಿತ್ತು, ಸಾಹೇಬರು ಸರಿಯಿಲ್ಲ, ಏನಾದರೂ ಹೇಳಬಹುದಿತ್ತು. "ಕೈ ಬಿಟ್ಟೆ. ತಿರುವಲ್ಲಿ ಒಂದು ಹೆಂಗಸು ಕೂದಲೆಳೇಲಿ ಉಳುಕೊಂಡ್ಳು."

ಕಂಠಪ್ಪ ಅವನ ಕೈಗಳನ್ನೇ ನೋಡಿದ. "ನನಗೆ ಮುಗಿಯಕ್ಕೋಗಿ?"

ಷಣ್ಮುಖಪ್ಪ ಹೂಂ ಅಂದ. ಮಾವನ ಮುಖವೂ ಕಪ್ಪಿಟ್ಟಿತು. "ನೀವು ಗಿರಣಿಗೆ ನಡೀರಿ. ಊರಿಗೆಲ್ಲ ಸಾರಿದೋನು ನಾನು. ನಾನೇ ಹೇಳಿ ಬತ್ತೀನಿ" ಎಂದು ಬಂದ ದಾರಿಯಲ್ಲೇ ತಿರುಗಿದ.

ಆ ಮುದುಕ ತಲೆ ತಗ್ಗಿಸಿಕೊಂಡು ಬೀದಿಯ ಕಡೆ ಹೋಗುವುದನ್ನು ಕಂಡಾಗ ಷಣ್ಮುಖಪ್ಪನಿಗೆ ನಿನ್ನೆಯದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಓಡಿ ಹೋಗಿ ಸೇರಿಕೊಂಡ. "ಬುಡಿ ಮಾವ, ಆಯ್ತಕ್ಕ ಅಂದ ಬಾಯಿ ನನ್ನದು. ನಾನೇ ಹೇಳ್ತೀನಿ."

ತಿಮ್ಮಮ್ಮನ ಬಾಗಿಲಲ್ಲೇ ಮೊದಲು ಹೇಳಿದ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಪಕ್ಕದ ಮನೆಯಲ್ಲೂ ನಕ್ಕರು. ಮಕ್ಕಳು ಸ್ಟೀರಿಂಗ್ ತಿರುಗಿಸಿದಂತೆ ನಟಿಸಿ ಕೈ ಮುಗಿಯತೊಡಗಿದರು. ಕಿವಿ ಕಾದು ಉರಿಯುತ್ತಿದ್ದರೂ ಅವನು ಯಾವ ಮನೆಯನ್ನೂ ಬಿಡಲಿಲ್ಲ. ಕಂಠಪ್ಪ ಪ್ರತಿ ಬಾಗಿಲಲ್ಲೂ ಅವನ ಪಕ್ಕದಲ್ಲಿ ನಿಂತ.

ಮುಂದಿನ ತಿಂಗಳು ಷಣ್ಮುಖಪ್ಪನಿಗೆ ಲೈಸೆನ್ಸು ಸಿಕ್ಕಿತು. ಈ ಸಲ ಸುದ್ದಿ ಕೇಳಿದ ಮಾವ ಅದನ್ನು ಯಾರಿಗೂ ಹೇಳಲಿಲ್ಲ. ಒಂದು ಕುಡಿಕೆ ತುಪ್ಪ ಮಗಳಿಗೆ ಕೊಟ್ಟು, ನೀರು ಕುಡಿದು ಹೊರಟುಹೋದ.